ಮೂರು ತಾಸಿನ ಪದಕ್ಕೆ ಒಂದು ನಿಮಿಷದ ವೈರು

ಚನ್ನಗಿರಿಯ ಒಂದು ಕಚೇರಿಯಲ್ಲಿ ಎರಡನೇ ದರ್ಜೆ ಗುಮಾಸ್ತನಾಗಿದ್ದ ತಿಪ್ಪೇರುದ್ರನಿಗೆ ಕಂಪ್ಯೂಟರಿನ ವಿಷಯದಲ್ಲಿ ಭಾರೀ ಹೆಸರಿತ್ತು. ಆ ಹೆಸರು ಒಂದೇ ಮಧ್ಯಾಹ್ನದಲ್ಲಿ ಬಂದದ್ದು. ಸಾಹೇಬರ ಕಂಪ್ಯೂಟರು ಕಣ್ಣು ಬಿಡದೆ ಹಟ ಹಿಡಿದಾಗ ಇವನು ಅದರ ಸುತ್ತ ಎರಡು ಸಲ ತಿರುಗಿ, ಸ್ವಿಚ್ಚು ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಿದ. ಅದು ಕಣ್ಣು ಬಿಟ್ಟಿತು. ಅಂದಿನಿಂದ ನೆಂಟರಿಷ್ಟರಲ್ಲಿ ಯಾರ ಮೊಬೈಲು ಕೈಕೊಟ್ಟರೂ, ಯಾರ ಟಿವಿ ಮುನಿಸಿಕೊಂಡರೂ ಇವನಿಗೇ ಕರೆ. ಇವನು ಎಲ್ಲವನ್ನೂ ಆರಿಸುತ್ತಿದ್ದ, ಹತ್ತು ಎಣಿಸುತ್ತಿದ್ದ, ಹಾಕುತ್ತಿದ್ದ. ಮುಕ್ಕಾಲು ಪಾಲು ಸರಿಹೋಗುತ್ತಿದ್ದವು. ಸರಿಹೋಗದ ಕಾಲು ಪಾಲಿಗೆ ಗಂಭೀರವಾಗಿ ತಲೆಯಾಡಿಸಿ, "ಇದರ ಆಯಸ್ಸು ಇಷ್ಟೇ ಇತ್ತು" ಎನ್ನುತ್ತಿದ್ದ.

ಹೀಗಿದ್ದಾಗ ದುರುಗಮ್ಮನ ಪದವನ್ನು ಹಿಡಿದಿಡುವ ಕೆಲಸ ಇವನ ಕೊರಳಿಗೇ ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ.

ದುರುಗಮ್ಮ ತಿಪ್ಪೇರುದ್ರನ ಸೋದರತ್ತೆ. ಜಗಳೂರು ತಾಲ್ಲೂಕಿನ ಸೊಕ್ಕೆಯವಳು, ವಯಸ್ಸು ಎಪ್ಪತ್ತೆಂಟು. ಅವಳಿಗೆ ಬೀಸುವ ಕಲ್ಲಿನ ಪದವೊಂದು ಬರುತ್ತಿತ್ತು. ತಂಗಿಯೊಬ್ಬಳು ಹಿಟ್ಟಿನ ಪುಟ್ಟಿಯನ್ನು ತಲೆ ಮೇಲೆ ಹೊತ್ತು, ಏಳು ಊರು ದಾಟಿ ಅಣ್ಣನ ಮನೆ ಸೇರುವ ಪದ. ಒಂದು ಊರಲ್ಲಿ ನೀರು ಕೊಡುತ್ತಾರೆ, ಇನ್ನೊಂದರಲ್ಲಿ ನಾಯಿ ಬಿಡುತ್ತಾರೆ, ಮತ್ತೊಂದರಲ್ಲಿ ಬಾಣಂತಿಯೊಬ್ಬಳು ಪುಟ್ಟಿಯಿಂದ ಹಿಡಿ ಹಿಟ್ಟು ಬೇಡುತ್ತಾಳೆ. ಅಷ್ಟೂ ಮುಗಿಯಲು ಸರಿಯಾಗಿ ಮೂರು ತಾಸು. ಆ ಪದ ಬಲ್ಲವರೆಲ್ಲ ತೀರಿಹೋಗಿದ್ದರು. ಪಕ್ಕದ ಮನೆಯ ಬೊಮ್ಮಕ್ಕ ಎದುರು ಕೂತು ಕಲ್ಲಿಗೆ ಕೈ ಕೊಟ್ಟು ಸಾಲಿನ ಕೊನೆಗೆ ಸೊಲ್ಲು ಹಿಡಿಯುತ್ತಿದ್ದಳೇ ಹೊರತು ಪದ ಅವಳಿಗೂ ಬಾರದು.

ಈಗ ದುರುಗಮ್ಮನ ಗಂಟಲಲ್ಲಿ ಒಂದು ಗಡ್ಡೆ ಎದ್ದಿತ್ತು. ದಾವಣಗೆರೆಯ ಡಾಕ್ಟರು ಕೊಯ್ಯಲೇಬೇಕೆಂದರು, ಕೊಯ್ದ ಮೇಲೆ ದನಿ ಹಿಂದಿನಂತೆ ಇರುತ್ತದೆಂದು ಮಾತ್ರ ಹೇಳಲಾರೆ ಎಂದರು. ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಬಂದು ಸೇರಬೇಕು, ತಪ್ಪಿದರೆ ಹಾಸಿಗೆ ಬೇರೆಯವರಿಗೆ. ಅಂದರೆ ಸೋಮವಾರದೊಳಗೆ ಆ ಪದ ಎಲ್ಲಾದರೂ ಉಳಿಯಬೇಕು, ಇಲ್ಲವಾದರೆ ಇನ್ನಿಲ್ಲ.

ಮೊಬೈಲಿನಲ್ಲಿ ಹಿಡಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಿಡಿದಿದ್ದರು. ಹೋದ ದೀಪಾವಳಿಯಲ್ಲಿ ಎರಡನೇ ಊರಿಗೇ ಯಾರದೋ ಫೋನು ಬಂದು ರೆಕಾರ್ಡಿಂಗು ನಿಂತಿತ್ತು, ಅದು ಗೊತ್ತಾದದ್ದು ಏಳನೇ ಊರು ಮುಟ್ಟಿದ ಮೇಲೆ. ತಿಪ್ಪೇರುದ್ರನ ಆ ಮೊಬೈಲಿನ ತುಂಬ ಶುಭೋದಯದ ಹೂವಿನ ಚಿತ್ರಗಳಿದ್ದು ಅದಕ್ಕೆ ಪದ ನುಂಗುವ ಜಾಗವೂ ಇರಲಿಲ್ಲ. ಹಾಗಾಗಿ ತಿಪ್ಪೇರುದ್ರ ತನ್ನ ಮನೆಯ ಕಂಪ್ಯೂಟರಿಗೇ ಒಂದು ಮೈಕು ಸಿಕ್ಕಿಸುವುದೆಂದೂ, ಪದವನ್ನು ಪ್ರತ್ಯೇಕ ಹಾರ್ಡ್ ಡಿಸ್ಕಿನಲ್ಲಿ ಇಡುವುದೆಂದೂ ತೀರ್ಮಾನಿಸಿ ಅಂಗಡಿಗೆ ಹೋದ.

ಅಂಗಡಿಯ ಪ್ರವೀಣ್ ಕುಮಾರ್ ಮೊದಲ ಪ್ರಶ್ನೆಯಲ್ಲೇ ಇವನನ್ನು ಕೆಡವಿದ.

"ಯಾವ ಕನೆಕ್ಷನ್‌ದು ಬೇಕು ಸರ್?"

ಹಾರ್ಡ್ ಡಿಸ್ಕನ್ನು ತೆಂಗಿನಕಾಯಿಯಂತೆ ಅಲುಗಾಡಿಸಿ ನೋಡಿ ತರುವುದೆಂದುಕೊಂಡಿದ್ದವನಿಗೆ ಇದೊಂದು ಹೊಸ ವಿದ್ಯೆ. ಹೆಸರು ಉಳಿಸಿಕೊಳ್ಳಬೇಕಲ್ಲ, "ಏನೇನೈತೆ ತೋರ್ಸು" ಎಂದ.

"ಇದು ಹಳೇದು, ಕರಿ ಮೂತಿ. ಇದು ನೀಲಿ ಮೂತಿ. ಇದು ಟೈಪ್ ಸಿ, ಹೆಂಗೆ ತುರುಕಿದ್ರೂ ಹೋಗ್ತೈತೆ. ನಿಮ್ಮ ಕಂಪ್ಯೂಟರ್ ಹಿಂದೆ ನೀಲಿ ಕಿಂಡಿ ಐತಾ?"

"ಐತೆ" ಎಂದ ತಿಪ್ಪೇರುದ್ರ. ಅವನು ತನ್ನ ಕಂಪ್ಯೂಟರಿನ ಹಿಂಭಾಗ ನೋಡಿರಲೇ ಇಲ್ಲ.

"ಹಂಗಾದ್ರೆ ನೀಲಿದೇ ತಗೊಳ್ರಿ. ಖರೆ ಹೇಳ್ಬೇಕಂದ್ರೆ ಹಾಡು ರೆಕಾರ್ಡ್ ಮಾಡಾಕೆ ಕರಿದೇ ಧಾರಾಳ ಆತು. ಆದ್ರೆ ಇದರ ಸ್ಪೀಡು ನೋಡ್ರಿ ಒಂದ್ಸಲ."

ಪ್ರವೀಣ್ ಕುಮಾರ್ ನೀಲಿ ವೈರನ್ನು ನೀಲಿ ಕಿಂಡಿಗೆ ಸಿಕ್ಕಿಸಿ, ಮೂರು ತಾಸಿನ ಒಂದು ಸಿನಿಮಾವನ್ನು ಹಿಡಿದು ಡಿಸ್ಕಿನ ಒಳಕ್ಕೆ ಎಳೆದು ಬಿಟ್ಟ. ಪರದೆಯ ಮೇಲೆ ಹಸಿರು ಗೆರೆಯೊಂದು ಓಡಿತು. ತಿಪ್ಪೇರುದ್ರ ಗಡಿಯಾರ ನೋಡಿಕೊಂಡ. ಐವತ್ತೆರಡು ಸೆಕೆಂಡು. ಅಂಗೈಯಗಲದ ಕರಿ ಡಬ್ಬಿಯೊಳಗೆ ನಾಯಕ, ನಾಯಕಿ, ಏಳೆಂಟು ಹೊಡೆದಾಟ, ಒಂದು ಮದುವೆ, ಎಲ್ಲವೂ ಹೋಗಿ ಕೂತಿದ್ದವು. ಅವನ ಮೈ ಜುಮ್ಮೆಂದಿತು. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದ. ತೂಕ ಒಂದು ಗುಂಜಿಯಷ್ಟೂ ಹೆಚ್ಚಿರಲಿಲ್ಲ.

"ಮೂರು ತಾಸಿನ ಹಾಡೂ ಹಿಂಗೇನಾ?" ಎಂದು ಪಿಸುದನಿಯಲ್ಲಿ ಕೇಳಿದ.

"ಹಾಡು ಇನ್ನೂ ಬೇಗ ಸರ್. ಹಾಡು ಹಗೂರ. ಆದ್ರೆ ಒಂದು ಮಾತು, ಕೆಲಸ ನಡೀವಾಗ ವೈರು ಅಲುಗಾಡಬಾರದು. ನಡುವೆ ಕಿತ್ತು ಬಂದ್ರೆ ಹಾಡು ಅಲ್ಲಿಗೇ ಹೋತು."

ಪ್ರವೀಣ್ ಕುಮಾರ್ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ತಿಪ್ಪೇರುದ್ರ ಕೇಳಿಸಿಕೊಂಡದ್ದರಲ್ಲೂ ಒಂದಕ್ಷರ ತಪ್ಪಿಲ್ಲ. ಆದರೂ ಅವನು ಅಂಗಡಿಯ ಮೆಟ್ಟಿಲಿಳಿಯುವಾಗ ಅವನ ತಲೆಯಲ್ಲಿ ಕೂತಿದ್ದ ತಿಳಿವಳಿಕೆ ಇದು: ಈ ವೈರಿದ್ದರೆ ಅತ್ತೆಯ ಮೂರು ತಾಸಿನ ಪದ ಒಂದು ನಿಮಿಷದಲ್ಲಿ ರೆಕಾರ್ಡಾಗುತ್ತದೆ.

ಮರುದಿನ ಕಚೇರಿಯಲ್ಲಿ ಇದನ್ನು ಎಲ್ಲರಿಗೂ ವಿವರಿಸಿದ. ಎಲ್ಲರೂ ಬೆರಗಾದರು. ಡಾಟಾ ಎಂಟ್ರಿ ಮಾಡುವ ಕಾವ್ಯಶ್ರೀ ಮಾತ್ರ ಕೀಬೋರ್ಡಿನಿಂದ ಕೈ ತೆಗೆದು, "ಸರ್, ಅದು ಆಗಲೇ ಇರೋದನ್ನ ಕಾಪಿ ಮಾಡೋ ಸ್ಪೀಡು. ಅವರು ಹಾಡಾಕೆ ಎಷ್ಟೊತ್ತು ಬೇಕೋ ಅಷ್ಟೊತ್ತು..." ಎಂದು ಶುರು ಮಾಡಿದಳು.

"ನೀನು ನೀಲಿ ಕಿಂಡಿ ನೋಡಿದೀಯೇನಮ್ಮ?"

"ನೋಡಿದೀನಿ ಸರ್."

"ಮತ್ತೆ?"

ಕಾವ್ಯಶ್ರೀ ಮತ್ತೆ ಕೀಬೋರ್ಡಿಗೆ ಕೈ ಹಾಕಿದಳು. ತಿಪ್ಪೇರುದ್ರ ಮನೆಯಲ್ಲಿ ಪರೀಕ್ಷೆಯನ್ನೂ ಮಾಡಿದ್ದ. ದೇವರ ದಯದಿಂದ ಕಂಪ್ಯೂಟರಿನ ಹಿಂದೆ ನೀಲಿ ಕಿಂಡಿ ಇತ್ತು. ಮೈಕಿನ ಮುಂದೆ ಹತ್ತು ಸೆಕೆಂಡು "ಹಲೋ, ಹಲೋ" ಎಂದ. ಹತ್ತು ಸೆಕೆಂಡಿನ ಹಲೋ ರೆಕಾರ್ಡಾಗಲು ಹತ್ತು ಸೆಕೆಂಡೇ ಹಿಡಿಯಿತು. ಇದರಿಂದ ಏನಾದರೂ ತಿಳಿಯಬೇಕಿತ್ತು. ಅವನು ತನ್ನ ದನಿ ಇಷ್ಟು ಗಂಭೀರವಾಗಿದೆಯೇ ಎಂದು ಬೆರಗಾಗಿ ಅದನ್ನೇ ಆರು ಸಲ ಕೇಳಿ ಎದ್ದುಬಿಟ್ಟ.

ಎಡವಟ್ಟು ನಿಜವಾಗಿ ಬೆಳೆದದ್ದು ಜಯದೇವಪ್ಪನ ಫೋನಿನಲ್ಲಿ. ಜಯದೇವಪ್ಪ ದುರುಗಮ್ಮನ ಅಳಿಯ, ಹೊನ್ನಾಳಿಯವರು. ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತೆರಡು ವರ್ಷ ಕಂಟ್ರೋಲರಾಗಿದ್ದು ನಿವೃತ್ತರಾದವರು. ಸರ್ವೀಸು ಮುಗಿದರೂ ಅವರ ಜೇಬಿನಲ್ಲಿ ಸೀಟಿ ಇತ್ತು, ಮಾತಿನಲ್ಲಿ ನಿಮಿಷಗಳಿದ್ದವು. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾರು ಅವರದೇ. ಪದಕ್ಕೆಂದು ಅವರು ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಸಮಯ ತೆಗೆದಿಟ್ಟಿದ್ದರು.

"ಭಾನುವಾರ ಯಾಕಣ್ಣ ಸುಮ್ನೆ ಕೆಡಿಸ್ಕಂತೀರಿ?" ಎಂದ ತಿಪ್ಪೇರುದ್ರ. "ಬಂದೋರು ಬರ್ತಾರೆ, ಅತ್ತೀನ ಮಾತಾಡಿಸ್ತಾರೆ, ಆಯಮ್ಮ ದಣಿದಿರ್ತಾಳೆ. ಸೋಮವಾರ ಹೊರಡಾಕೆ ಮುಂಚೆ ಒಂದು ನಿಮಿಷ ಕೊಡ್ರಿ ಸಾಕು."

ಜಯದೇವಪ್ಪ ಲೆಕ್ಕಕ್ಕೆ ಇಳಿದರು. "ಒಂದು ನಿಮಿಷ ಅಂದ್ರೆ ಅರವತ್ತು ಸೆಕೆಂಡಾ?"

"ಐವತ್ತೆರಡು."

ಜಯದೇವಪ್ಪ ಮನುಷ್ಯರಾಡಿದ ಮಾತನ್ನು ಸುಲಭಕ್ಕೆ ನಂಬಿದವರಲ್ಲ. ಆದರೆ ಐವತ್ತೆರಡು ಎಂಬ ಅಂಕಿ ಅವರ ಎದೆಗೆ ನೇರ ಹೋಗಿ ನಾಟಿತು. ಅರ್ಧ ತಾಸಿನಲ್ಲಿ ವೇಳಾಪಟ್ಟಿ ತಯಾರಾಗಿ ಎಲ್ಲರ ವಾಟ್ಸಾಪಿಗೆ ಬಂತು. ಎಂಟು ಗಂಟೆಗೆ ಪದ ಆರಂಭ. ಎಂಟು ಒಂದಕ್ಕೆ ಪದ ಮುಕ್ತಾಯ. ಎಂಟು ಹದಿನೈದರವರೆಗೆ ಉಪ್ಪಿಟ್ಟು. ಎಂಟು ಇಪ್ಪತ್ತಕ್ಕೆ ಕಾರು ಹೊರಡುವುದು. ಹತ್ತೂವರೆಗೆ ಆಸ್ಪತ್ರೆ. ಕೆಳಗೆ ಒಂದು ಟಿಪ್ಪಣಿ ಬೇರೆ: ಉಪ್ಪಿಟ್ಟಿಗೆ ಹದಿನಾಲ್ಕು ನಿಮಿಷ ಹೆಚ್ಚಾಯಿತು, ಬೇಗ ಮುಗಿಸುವುದು.

ಭಾನುವಾರ ಸಂಜೆ ತಿಪ್ಪೇರುದ್ರ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಮೂರು ಬಸ್ಸು ಬದಲಿಸಿ ಸೊಕ್ಕೆಗೆ ಬಂದಿಳಿದ. ಹಾರ್ಡ್ ಡಿಸ್ಕು ಅಂಗಿಯ ಒಳಜೇಬಿನಲ್ಲಿತ್ತು. ಜಗಳೂರು ಬಸ್ಸಿನ ಕಂಡಕ್ಟರು ಗಂಟನ್ನು ನೋಡಿ, "ಮಗುಗೆ ಹುಷಾರಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿ ಮುಂದಿನ ಸೀಟು ಬಿಡಿಸಿಕೊಟ್ಟರು. ತಿಪ್ಪೇರುದ್ರ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಸೋಮವಾರ ಏಳಕ್ಕೇ ಪಡಸಾಲೆ ತುಂಬಿತ್ತು. ಪದ ಕೇಳಲು ಬಂದವರು ಕಡಿಮೆ, ಒಂದು ನಿಮಿಷದ ವೈರು ನೋಡಲು ಬಂದವರೇ ಹೆಚ್ಚು. ದುರುಗಮ್ಮನ ಓರಗೆಯ ಪಾಲಣ್ಣ ಮೊಣಕಾಲು ಹಿಡಿದುಕೊಂಡು ಮುಂದೆ ಬಗ್ಗಿ ನೀಲಿ ಮೂತಿಯನ್ನು ಬಹಳ ಹೊತ್ತು ನೋಡಿದ.

"ಅಲ್ಲಪ್ಪ ರುದ್ರ, ಮೂರು ತಾಸಿನ ಉಸಿರನ್ನ ಒಂದು ನಿಮಿಷದಾಗೆ ಎಳೆದ್ರೆ ಮುದುಕಿಗೆ ಏನಾರ ಆದೀತಲ್ಲೋ. ಮೊದ್ಲೇ ಗಂಟಲು ಸರಿಯಿಲ್ಲ."

"ನೋವೇನೂ ಆಗಲ್ಲ ಪಾಲಣ್ಣ."

"ನಾನು ಸೊಲ್ಲು ಹೇಳಾಕೆ ಯಾವಾಗ ಬಾಯಿ ತೆಗೀಲಿ?" ಎಂದಳು ಬೊಮ್ಮಕ್ಕ. ಅವಳು ಹೊಸ ಸೀರೆ ಉಟ್ಟು ಬಂದಿದ್ದಳು, ಒಂದು ನಿಮಿಷದಲ್ಲಿ ತನ್ನ ಪಾಲು ಎಷ್ಟೆಂಬುದು ಅವಳ ಚಿಂತೆ. "ಅಷ್ಟು ಜೋರಾಗಿ ಕಲ್ಲು ತಿರುವಾಕೆ ನನ್ನ ಕೈಲಿ ಆಗಲ್ಲಪ್ಪ, ರಟ್ಟೆ ಹೋಗ್ತೈತೆ."

ಎಲ್ಲರೂ ತಿಪ್ಪೇರುದ್ರನ ಮುಖ ನೋಡಿದರು. ಅವನಿಗೂ ಒಳಗೊಳಗೆ ಏನೋ ಕಸಿವಿಸಿ ಶುರುವಾಗಿತ್ತು. ಆದರೆ ನಲವತ್ತು ಜನರ ಎದುರು ಕಸಿವಿಸಿ ಪಡುವುದುಂಟೇ?

"ಜೋರಾಗಿ ತಿರುವೋದೇನೂ ಬ್ಯಾಡ. ಅತ್ತೆ ಮೊದಲ ನಾಕು ಸಾಲು ಹಾಡ್ಲಿ. ಉಳಿದಿದ್ದನ್ನ ವೈರೇ ಎಳ್ಕಂತೈತೆ" ಎಂದುಬಿಟ್ಟ.

ಹಾಡದೆ ಉಳಿದ ಹಾಡನ್ನು ಎಳೆದುಕೊಳ್ಳುವ ವೈರನ್ನು ಸೊಕ್ಕೆ ಅದುವರೆಗೆ ಕಂಡಿರಲಿಲ್ಲ. ಇಬ್ಬರು ಕೈ ಮುಗಿದರು.

ಅಷ್ಟರಲ್ಲಿ ದುರುಗಮ್ಮ ಬಂದಳು. ತಲೆಗೆ ನೀರು ಹಾಕಿಕೊಂಡಿದ್ದಳು. ಯಾರನ್ನೂ ಮಾತಾಡಿಸದೆ ಬೀಸುವ ಕಲ್ಲನ್ನು ತೊಳೆದು, ವಿಭೂತಿ ಎಳೆದು, ಕುಂಕುಮವಿಟ್ಟು, ಒಂದು ಹಿಡಿ ರಾಗಿ ಹಾಕಿದಳು. ಪದ ಹೇಳುವ ಮೊದಲು ಕಲ್ಲಿಗೆ ಇಷ್ಟು ಮಾಡಲೇಬೇಕು. ಆಮೇಲೆ ಅವಳ ಮಂಜುಗಣ್ಣು ಪಕ್ಕದಲ್ಲಿದ್ದ ಕರಿ ಡಬ್ಬಿಯ ಮೇಲೆ ಬಿತ್ತು.

"ಇದೇನು ರುದ್ರ?"

"ನಿನ್ನ ಪದ ಇಟ್ಕಳೋದು ಅತ್ತೆ."

"ಇಷ್ಟೇ ಇದ್ರಾಗೆ?"

"ಇಡೀ ಊರೋರ ಪದ ಇಟ್ರೂ ಜಾಗ ಮಿಗ್ತೈತೆ."

ದುರುಗಮ್ಮ ಡಬ್ಬಿಯನ್ನು ಕೈಗೆತ್ತಿಕೊಂಡು ಸವರಿದಳು. "ಹಂಗಾದ್ರೆ ಇದೂ ಕಲ್ಲೇ" ಎಂದು, ಅವನು ಬೇಡವೆನ್ನುವುದರೊಳಗೆ ಒದ್ದೆ ಬೆರಳಲ್ಲಿ ಮೂರು ಗೆರೆ ವಿಭೂತಿ ಎಳೆದಳು. ಕುಂಕುಮಕ್ಕೆ ಹಣೆ ಎಲ್ಲಿದೆಯೆಂದು ತಡವಿ, ವೈರು ಸಿಕ್ಕಿಸುವ ಅಗಲ ಕಿಂಡಿಯನ್ನೇ ಹಣೆಯೆಂದು ಬಗೆದು, ಅದರೊಳಕ್ಕೆ ಒಂದು ಚಿಟಿಕೆ ಒತ್ತಿದಳು.

ತಿಪ್ಪೇರುದ್ರ ಪಂಚೆಯ ಅಂಚಿನಿಂದ ಒರೆಸಿದ, ಊದಿದ, ಕೊಡವಿದ. ವೈರು ಅರ್ಧಕ್ಕೆ ಹೋಗಿ ನಿಂತಿತು. ಡಬ್ಬಿಯ ದೀಪ ಹತ್ತುವುದು, ಆರುವುದು. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ಮಾತ್ರ ಹತ್ತಿಕೊಂಡೇ ಇರುತ್ತಿತ್ತು. ಒಂದು ನಿಮಿಷ ತಾನೇ, ಹಿಡಿದರಾಯಿತು ಎಂದು ನೆಲದ ಮೇಲೆ ಕೂತು ಹಿಡಿದ.

ಜಯದೇವಪ್ಪ ಕೈಗಡಿಯಾರ ಎತ್ತಿದರು. "ಎಂಟು ಗಂಟೆ. ಬಿಡ್ರಿ."

ಕಲ್ಲು ತಿರುಗಿತು. ದುರುಗಮ್ಮ ಕಣ್ಣು ಮುಚ್ಚಿ ದನಿ ತೆಗೆದಳು.

ಎಂಟು ಒಂದಾಯಿತು. ಪದದ ತಂಗಿ ಇನ್ನೂ ಹೊಸ್ತಿಲು ದಾಟಿರಲಿಲ್ಲ, ಪುಟ್ಟಿಯ ಅಡಿಗೆ ಸಿಂಬೆ ಸುತ್ತುತ್ತಿದ್ದಳು. ಜಯದೇವಪ್ಪ ಹುಬ್ಬು ಹಾರಿಸಿ 'ಆತಾ?' ಎಂದು ಸನ್ನೆ ಮಾಡಿದರು. ತಿಪ್ಪೇರುದ್ರ ಪರದೆ ನೋಡಿದ. ಅಲ್ಲಿ ಒಂದು ನಿಮಿಷ ನಾಲ್ಕು ಸೆಕೆಂಡು ಎಂದಿತ್ತು. ಒಂದು ನಿಮಿಷ ನಾಲ್ಕು ಸೆಕೆಂಡು ಹಾಡಿದ್ದಳು, ಒಂದು ನಿಮಿಷ ನಾಲ್ಕು ಸೆಕೆಂಡು ಒಳಗೆ ಹೋಗಿತ್ತು. ಮನೆಯಲ್ಲಿ ಆಡಿದ ಹತ್ತು ಸೆಕೆಂಡಿನ ಹಲೋ ಅವನ ಕಿವಿಯಲ್ಲಿ ಮೊಳಗಿತು. ಕಾವ್ಯಶ್ರೀಯ ಮುಖ ಕಣ್ಣ ಮುಂದೆ ಬಂತು. ಭಾನುವಾರದ ಮೂರು ತಾಸನ್ನು ಬೇಡವೆಂದು ಕಳೆದವನು ಅವನೇ.

ಜಯದೇವಪ್ಪನ ಮುಖ ಕೆಂಪಾಯಿತು. ಮೂವತ್ತೆರಡು ವರ್ಷದ ಅಭ್ಯಾಸ, ಕೈ ತಾನಾಗಿ ಜೇಬಿಗೆ ಹೋಗಿ ಸೀಟಿ ತುಟಿಗೆ ಬಂತು. ಪಾಲಣ್ಣ ಅವರ ಮೊಣಕೈ ಹಿಡಿದು ಕಿವಿಯಲ್ಲಿ ಹೇಳಿದ:

"ಊದಬ್ಯಾಡ್ರಿ ಅಳಿಯಂದ್ರೆ. ಈ ಪದ ನಡುವೆ ನಿಲ್ಸಂಗಿಲ್ಲ. ಪುಟ್ಟಿ ತಲಿಗಿಟ್ಟ ಮ್ಯಾಲೆ ಆ ಹೆಣ್ಮಗಳನ್ನ ಅಣ್ಣನ ಮನಿ ಮುಟ್ಟಿಸ್ಬೇಕು. ಹಾದಿಯಾಗೆ ಬಿಟ್ಟು ಎದ್ರೆ ಹಾದಿಯಾಗೇ ಉಳೀತಾಳೆ. ನಮ್ಮಲ್ಲಿ ಯಾರೂ ಬಿಟ್ಟಿಲ್ಲ."

ಸೀಟಿ ತುಟಿಯ ಮೇಲೇ ಇತ್ತು. ಅಷ್ಟರಲ್ಲಿ ತಂಗಿ ಹೊಸ್ತಿಲು ದಾಟಿದಳು, ದುರುಗಮ್ಮನ ದನಿ ಏರಿತು.

ಮಾತಾಡುವಾಗ ಎರಡು ಮಾತಿಗೊಮ್ಮೆ ಕೆಮ್ಮುವ ಮುದುಕಿ ಅವಳು. ಕಲ್ಲಿನ ಮುಂದೆ ಆ ಗಡ್ಡೆ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. ದನಿ ಕಲ್ಲಿನ ಗುಡುಗಿನ ಮೇಲೆ ಕೂತು, ಅದರ ಜೊತೆ ಸುತ್ತಿ, ಪಡಸಾಲೆಯ ತೊಲೆಗಳನ್ನು ಮುಟ್ಟಿ ಬಂತು. ಬೊಮ್ಮಕ್ಕ ಸೊಲ್ಲು ಹಿಡಿದಾಗ ಎರಡು ದನಿ ಒಂದಾದವು. ರಾಗಿ ಹಿಟ್ಟು ಸುತ್ತಲೂ ಸುರಿಯುತ್ತಿತ್ತು. ಮೊದಲ ಊರು ಬಂತು, ನೀರು ಕೊಟ್ಟರು. ಎರಡನೇ ಊರಿನ ನಾಯಿಗೆ ಪಡಸಾಲೆಯಲ್ಲಿದ್ದವರೇ ಕಾಲು ಹಿಂದೆಳೆದುಕೊಂಡರು. ವೈರು ನೋಡಲು ಬಂದವರಿಗೆ ವೈರು ಮರೆತೇ ಹೋಯಿತು.

ಮೂರನೇ ಊರಿನ ಬಾಣಂತಿ ಹಿಡಿ ಹಿಟ್ಟು ಬೇಡಿದಾಗ ಜಯದೇವಪ್ಪ ಸೀಟಿಯನ್ನು ತುಟಿಯಿಂದ ತೆಗೆದು ಜೇಬಿಗಿಟ್ಟರು. ತುದಿಗಾಲಲ್ಲಿ ನಡೆದು ಹಿತ್ತಿಲಿನ ಹುಲ್ಲಿನ ಬಣವೆಯ ಹಿಂದೆ ಹೋಗಿ ಆಸ್ಪತ್ರೆಗೆ ಫೋನು ಮಾಡಿದರು. "ಗಾಡಿ ಲೇಟೈತೆ. ಎರಡು ಗಂಟೆಗೆ ಬರ್ತೈತೆ. ಹಾಸಿಗೆ ಹಿಡೀರಿ" ಎಂದರು. ಆ ಕಡೆಯವರು ಕಾರಣ ಕೇಳಿರಬೇಕು. ಕಂಟ್ರೋಲರು "ಕಾರಣ ಒಳಗೆ ಕುಂತು ರಾಗಿ ಬೀಸ್ತೈತ್ರಿ, ಏಳಿಸಾಕಾಗಲ್ಲ" ಎಂದರು. ಆ ಕಡೆ ಇದ್ದ ಹೆಣ್ಣುಮಗಳಿಗೆ ಏನು ತಿಳಿಯಿತೋ, ಎರಡರವರೆಗೆ ಹಿಡಿಯುತ್ತೇನೆ ಎಂದಳಂತೆ. ಜಯದೇವಪ್ಪ ಒಳಗೆ ಬಂದು ಕೈಗಡಿಯಾರ ಬಿಚ್ಚಿ ಜೇಬಿಗಿಟ್ಟು ನೆಲದ ಮೇಲೆ ಕೂತರು.

ತಿಪ್ಪೇರುದ್ರ ಮಾತ್ರ ಕೂತಲ್ಲಿಂದ ಅಲುಗಾಡುವಂತಿರಲಿಲ್ಲ. ಬೆರಳು ಸಡಿಲವಾದರೆ ದೀಪ ಆರುತ್ತದೆ, ದೀಪ ಆರಿದರೆ ಪದ ಅಲ್ಲಿಗೇ ಹೋಯಿತು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯ ಹೆಬ್ಬೆರಳು ವೈರಿನ ಮೇಲೆ. ಒಂಬತ್ತಕ್ಕೆ ಕಾಲು ಜೋಮು ಹಿಡಿಯಿತು. ಒಂಬತ್ತೂವರೆಗೆ ಇರುವೆಯೊಂದು ಕತ್ತಿನಿಂದ ಹೊರಟು ಬೆನ್ನಿನ ಪ್ರವಾಸ ಮುಗಿಸಿ ಮರಳಿತು. ಹೆಬ್ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಯಾಯಿತು. ಎಲ್ಲರಿಗೂ ಪಡಸಾಲೆಯಲ್ಲಿ ಉಪ್ಪಿಟ್ಟು ಬಂತು, ಅವನ ತಟ್ಟೆ ಅವನೆದುರೇ ಆರಿತು. ಆ ಮೂರು ತಾಸು ಕರೆಂಟು ಒಮ್ಮೆಯೂ ಹೋಗಲಿಲ್ಲ. ಸೊಕ್ಕೆಯವರು ಇಂದಿಗೂ ಅದನ್ನು ಪದದ ಮಹಿಮೆಗೇ ಸೇರಿಸುತ್ತಾರೆ.

ಏಳನೇ ಊರು ಬಂತು. ಅಣ್ಣನ ಮನೆಯ ಬಾಗಿಲು. ಬಾಗಿಲು ತೆಗೆಯುವ ಅಣ್ಣನಿಗೆ ಹಾಡುವವಳು ತನ್ನ ಸ್ವಂತ ಅಣ್ಣನ ಹೆಸರನ್ನೇ ಇಡುವುದು ಈ ಪದದ ಪದ್ಧತಿ. ದುರುಗಮ್ಮನ ಅಣ್ಣನೆಂದರೆ ತಿಪ್ಪೇರುದ್ರನ ಅಪ್ಪ ಆಂಜನೇಯ, ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ದುರುಗಮ್ಮ ಕಣ್ಣು ತೆರೆದು, ವೈರು ಹಿಡಿದು ಕೂತಿದ್ದ ತಿಪ್ಪೇರುದ್ರನನ್ನು ನೋಡಿ, ಕಲ್ಲು ನಿಲ್ಲಿಸದೆ ಹಾಡಿದಳು:

ಅಣ್ಣ ಆಂಜಿನಯ್ಯ ಬಾಗಿಲ ತೆಗೆದಾನೆ
ಅಣ್ಣನ ಮಗ ರುದ್ರ ಏಳಲೊಲ್ಲ, ನನ ಪದವ
ಹೆಬ್ಬೆಟ್ಟಿನಾಗೆ ಹಿಡಿದಾನೆ

ತಿಪ್ಪೇರುದ್ರನಿಗೆ ಅಳು ಬಂತು. ಅಳಲಿಕ್ಕೂ ಒಂದು ಕೈ ಬೇಕು. ಎರಡೂ ಕೈ ಕೆಲಸದಲ್ಲಿದ್ದವು. ಕಣ್ಣೀರು ಮೀಸೆಗೆ, ಮೀಸೆಯಿಂದ ಅಂಗಿಗೆ ಇಳಿಯಿತು. ಮೂಗನ್ನು ತಡೆಯುವಷ್ಟು ತಡೆದ, ಆಮೇಲೆ ಅವನ ಕೈಮೀರಿತು.

ಹನ್ನೊಂದಕ್ಕೆ ಮೂರು ನಿಮಿಷವಿರುವಾಗ ಕಲ್ಲು ನಿಂತಿತು. ದುರುಗಮ್ಮ ಹಿಟ್ಟನ್ನು ಗೋರಿ ಮೊರಕ್ಕೆ ತುಂಬಿ, "ನಡೀರಿ ಹೋಗಾನ" ಎಂದು ಎದ್ದಳು. ಅವಳನ್ನು ಕೂರಿಸಿಕೊಂಡ ಕಾರು ಎರಡಕ್ಕೆ ಹತ್ತು ನಿಮಿಷವಿರುವಾಗಲೇ ಆಸ್ಪತ್ರೆ ಮುಟ್ಟಿತು. ಹಾಸಿಗೆ ಖಾಲಿ ಇತ್ತು.

ಬುಧವಾರ ಚನ್ನಗಿರಿಯ ಕಚೇರಿಯಲ್ಲಿ ಕಾವ್ಯಶ್ರೀ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಡಿಸ್ಕಿನ ಹಣೆಯ ಕುಂಕುಮ ತೆಗೆದಳು. ನೀಲಿ ವೈರು ಸರಾಗ ಹೋಯಿತು. ಮೂರು ತಾಸಿನ ಪದ ಹತ್ತೊಂಬತ್ತು ಸೆಕೆಂಡಿನಲ್ಲಿ ಕಾಪಿಯಾಯಿತು. ತಿಪ್ಪೇರುದ್ರ ಬ್ಯಾಂಡೇಜು ಕಟ್ಟಿದ ಹೆಬ್ಬೆರಳನ್ನು ಪರದೆಯ ಕಡೆ ತೋರಿಸಿ, "ನೋಡಮ್ಮ, ನಾನು ಹೇಳಿರ್ಲಿಲ್ವಾ?" ಎಂದ.

"ಹೇಳಿದ್ರಿ ಸರ್" ಎಂದಳು ಕಾವ್ಯಶ್ರೀ. ಅವಳು ಒಳ್ಳೆಯ ಹುಡುಗಿ.

ಭಾನುವಾರ ತಿಪ್ಪೇರುದ್ರ ಮೊಬೈಲಿಗೆ ಅದನ್ನು ತುಂಬಿಕೊಂಡು, ಶುಭೋದಯದ ಹೂವುಗಳನ್ನೆಲ್ಲ ಅಳಿಸಿ ಜಾಗ ಮಾಡಿಕೊಂಡು, ಆಸ್ಪತ್ರೆಗೆ ಹೋದ. ದುರುಗಮ್ಮ ಕೊರಳಿಗೆ ಪಟ್ಟಿ ಕಟ್ಟಿಸಿಕೊಂಡು ಒರಗಿ ಕೂತಿದ್ದಳು. ಗಡ್ಡೆ ಹೋಗಿತ್ತು, ದನಿಯೂ ಹೋಗಿತ್ತು. ಉಳಿದದ್ದು ಕಿವಿ ಹತ್ತಿರ ತಂದರಷ್ಟೇ ಕೇಳುವ ಪಿಸುಮಾತು. ಜಯದೇವಪ್ಪ ಪಕ್ಕದ ಸ್ಟೂಲಿನಲ್ಲಿದ್ದರು. ತಿಪ್ಪೇರುದ್ರ ಮೊಬೈಲನ್ನು ಹಾಸಿಗೆಯ ಮೇಲಿಟ್ಟು ಹಾಡು ಬಿಟ್ಟ.

"ಯಾರಿದು?" ಎಂದು ದುರುಗಮ್ಮ ಪಿಸುಗುಟ್ಟಿದಳು.

"ನೀನೇ ಅತ್ತೆ."

ಎಪ್ಪತ್ತೆಂಟು ವರ್ಷದಲ್ಲಿ ಅವಳು ತನ್ನ ಪದ ಕೇಳಿದ್ದು ಅದೇ ಮೊದಲು. ಬಾಯಿ ಸ್ವಲ್ಪ ತೆರೆದುಕೊಂಡು, ಅಲುಗದೆ, ಬೇರೆ ಯಾರದೋ ಮಗಳನ್ನು ನೋಡುವಂತೆ ಆ ಮೊಬೈಲನ್ನು ನೋಡುತ್ತ ಕೇಳಿದಳು. ಎರಡನೇ ಊರಿಗೆ ಅವಳ ಬಲಗೈ ತಾನಾಗಿ ಹೊದಿಕೆಯ ಮೇಲೆ ಸುತ್ತತೊಡಗಿತು. ಆಚೆ ಹಾಸಿಗೆಯವರು ಇತ್ತ ತಿರುಗಿದರು. ಗುಳಿಗೆ ಕೊಡಲು ಬಂದ ನರ್ಸು ತಟ್ಟೆ ಹಿಡಿದುಕೊಂಡೇ ನಿಂತಳು. ಪದ ತನ್ನ ಪೂರ್ತಿ ಹೊತ್ತು ತೆಗೆದುಕೊಂಡಿತು. ಯಾರೂ ಗಡಿಯಾರ ನೋಡಲಿಲ್ಲ.

ಏಳನೇ ಊರು ಬಂತು. ಆಂಜಿನಯ್ಯ ಬಾಗಿಲು ತೆಗೆದ. ಕಲ್ಲಿನ ಸದ್ದಿನ ನಡುವೆ ಸೊರ್ ಎಂದು ಏನೋ ಕೇಳಿಸಿತು. ಸ್ವಲ್ಪ ಬಿಟ್ಟು ಇನ್ನೊಂದು ಸಲ, ಇನ್ನೂ ಉದ್ದವಾಗಿ.

ದುರುಗಮ್ಮ ಕೈ ನಿಲ್ಲಿಸಿ ಕಿವಿಗೊಟ್ಟಳು. "ಅದ್ಯಾರು ಮೂಗು ಏರ್ಸೋದು?"

ಜಯದೇವಪ್ಪ ಚಾವಣಿ ನೋಡಿದರು. ನರ್ಸು ತಿಪ್ಪೇರುದ್ರನನ್ನು ನೋಡಿದಳು. ಅವನು ತನ್ನ ಹಳೆಯ ಗಾಂಭೀರ್ಯವನ್ನೆಲ್ಲ ಕೂಡಿಸಿಕೊಂಡ.

"ಅದು ವೈರಿನ ಸದ್ದು ಅತ್ತೆ. ನೀಲಿ ಕಿಂಡಿದು ಹಂಗೇ ಬರ್ತೈತೆ."

ದುರುಗಮ್ಮ ಅವನ ಬ್ಯಾಂಡೇಜಿನ ಹೆಬ್ಬೆರಳನ್ನು ಎಳೆದು ತನ್ನ ಅಂಗೈಯೊಳಗೆ ಇಟ್ಟುಕೊಂಡಳು. ಪದ ಮುಗಿದು ಕಲ್ಲು ನಿಲ್ಲುವವರೆಗೆ ಬಿಡಲಿಲ್ಲ. ಆಮೇಲೆ ಅವನ ಕಿವಿಯನ್ನು ಹತ್ತಿರಕ್ಕೆ ಕರೆದು ಪಿಸುಗುಟ್ಟಿದಳು.

"ಒಳ್ಳೇ ವೈರು ತಂದಿದ್ದಿ ಬಿಡು."